ಷೋಕೇಸಿನ ಮೇಣದಬತ್ತಿ

2022ರ ಜೂನ್‌ನಲ್ಲಿ ನಮ್ಮ ನಾಗಸಂದ್ರ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಐಕಿಯಾ ಬಾಗಿಲು ತೆರೆದ ಮೇಲೆ ಈ ಭಾಗದವರ ಮೂಗಿಗೆ ಹೊಸ ಕೆಲಸ ಸಿಕ್ಕಿತು. ಊರವರೆಲ್ಲ ಸೋಫಾ ಮೇಲೆ ಕೂತು, ಮಂಚದ ಮೇಲೆ ಮಲಗಿ ನೋಡಿ ಬರಿಗೈಲಿ ಬರುತ್ತಿದ್ದರೆ, ನನ್ನ ಹೆಂಡತಿ ಗಾಜಿನ ಲೋಟದಲ್ಲಿ ಕೂರಿಸಿದ ಮೇಣದಬತ್ತಿಗಳ ಮುಂದೆ ನಿಂತು ಒಂದೊಂದನ್ನೇ ಎತ್ತಿ, ಮೂಸಿ, ಕಣ್ಣು ಮುಚ್ಚಿ, ಮತ್ತೆ ಇಟ್ಟು ಬರುತ್ತಿದ್ದಳು. ದೇವರಿಗೆ ಏರಿಸೋ ಹೂವನ್ನು ಮೂಸಬೇಡಿ ಅಂತ ಮಕ್ಕಳನ್ನು ಗದರುತ್ತಿದ್ದವಳೂ ಇವಳೇ.

"ಇದರಲ್ಲೇನಿದೆ ರೀ? ಮೇಣ, ಬತ್ತಿ, ಸೆಂಟು. ಮನೇಲೇ ಮಾಡ್ತೀನಿ."

ಗೋಬಿ ಮಂಚೂರಿಯಿಂದ ಸೋಫಾ ಕವರ್‌ವರೆಗೆ ಎಲ್ಲವೂ ನಮ್ಮ ಮನೆಗೆ ಬಂದಿರುವುದು ಈ ಒಂದು ಮಾತಿನ ಬಾಗಿಲಿನಿಂದಲೇ. ಮಾರನೆಯ ವಾರ ಹಸಿರು ಮಾರ್ಗದ ರೈಲು ಹತ್ತಿ ಚಿಕ್ಕಪೇಟೆಗೆ ಹೊರಟೆವು. ನಡುವೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತಲೇ ಒಂದು ನಿಲ್ದಾಣವಿದೆ. ನೂರು ವರ್ಷದಿಂದ ಗಂಧದ ಸೋಪು ಮಾಡಿಕೊಂಡು ಬಂದ ಸೀಮೆಯವರು ನಾವು. ಇವಳು ಕೊಂಡದ್ದು ಮಾತ್ರ ಲ್ಯಾವೆಂಡರ್. ಆ ಹೂವನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಲ್ಲ.

ಸೋಯಾ ಮೇಣ ಅವಲಕ್ಕಿಯ ಹಾಗೆ ಚೂರು ಚೂರಾಗಿರುತ್ತದೆ. ಅದನ್ನು ನೇರ ಉರಿಗೆ ಇಡಬಾರದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಆ ದೊಡ್ಡ ಪಾತ್ರೆ ಇಡ್ಲಿ ಪಾತ್ರೆಯೇ ಆಗಿತ್ತೆಂದು ಅಮ್ಮನಿಗೆ ಗೊತ್ತಾಗದ ಹಾಗೆ ನೋಡಿಕೊಂಡೆವು. ಇನ್ನು ಬಾಟಲಿಗಳಿಗೆ ಬರವಿರಲಿಲ್ಲ. ಹಾರ್ಲಿಕ್ಸ್, ಕಾಫಿಪುಡಿ, ಉಪ್ಪಿನಕಾಯಿ, ಜಾಮು ಎಲ್ಲವೂ ಅಟ್ಟದಿಂದ ಇಳಿದು, ಮಿಂದು, ಕುತ್ತಿಗೆಗೆ ಸೆಣಬಿನ ದಾರ ಕಟ್ಟಿಸಿಕೊಂಡು ಮದುಮಕ್ಕಳಾದವು.

ಪೀಣ್ಯದ ಫೌಂಡ್ರಿಗಳಲ್ಲಿ ಆಯುಷ್ಯ ಸವೆಸಿದ ನಾನು ಸುಮ್ಮನಿರುವುದು ಹೇಗೆ? ಎರಕ ಅಂದರೆ ಎರಕ, ಕಬ್ಬಿಣವಾದರೇನು, ಮೇಣವಾದರೇನು? ಬತ್ತಿ ನಟ್ಟ ನಡುವೆ ನಿಲ್ಲಲಿ ಅಂತ ವರ್ನಿಯರ್ ಹಿಡಿದು ಅಳೆದು, ಪರಿಚಯದ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಜಿಗ್ ಮಾಡಿಸಿ ತಂದೆ. ಇವಳು ಅಷ್ಟರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು ಬಾಟಲಿಯ ಬಾಯಿಗೆ ಅಡ್ಡ ಇಟ್ಟು, ಅದಕ್ಕೆ ಬತ್ತಿ ಕಚ್ಚಿಸಿ, ಮೇಣ ಹೊಯ್ದು ಮುಗಿಸಿದ್ದಳು. ಜಿಗ್ ಈಗ ಹಾಲಿನ ಪಾತ್ರೆಯ ಕೆಳಗಿದೆ.

ತಣ್ಣಗಾದಾಗ ಬತ್ತಿಯ ಸುತ್ತ ಗುಳಿ ಬಿತ್ತು. ನನ್ನ ಮುಖ ಅರಳಿತು.

"ಇದು ಶ್ರಿಂಕೇಜ್ ಕಣೇ. ಎರಕ ಆರುತ್ತಾ ಕುಗ್ಗುತ್ತೆ. ರೈಸರ್ ಇಡಬೇಕಿತ್ತು."

"ನಿಮ್ಮ ರೈಸರ್ ನಿಮ್ಮ ಫೌಂಡ್ರೀಲೇ ಇರಲಿ," ಎಂದವಳು ಇನ್ನೊಂದು ಸೌಟು ಬಿಸಿ ಮೇಣ ಗುಳಿಗೆ ಸುರಿದಳು. ರೈಸರ್ ಮಾಡುವುದೂ ಅಷ್ಟನ್ನೇ. ಹೇಳಲು ಹೋಗಲಿಲ್ಲ.

ಸೆಂಟಿಗೂ ಲೆಕ್ಕವಿದೆ. ನೂರು ಗ್ರಾಂ ಮೇಣಕ್ಕೆ ಆರರಿಂದ ಹತ್ತು ಗ್ರಾಂ, ಅದಕ್ಕಿಂತ ಹೆಚ್ಚು ಹಾಕಿದರೆ ಮೇಣ ಹಿಡಿದುಕೊಳ್ಳದೆ ಬೆವರುತ್ತದೆ. ಬತ್ತಿಗೂ ಅಷ್ಟೇ: ಬಾಟಲಿಯ ಅಗಲಕ್ಕೆ ಬತ್ತಿ ತೆಳ್ಳಗಾದರೆ ನಡುವೆ ಮಾತ್ರ ಕರಗಿ ಸುರಂಗವಾಗುತ್ತದೆ. ದಪ್ಪವಾದರೆ ಮಸಿ, ಮೇಲೆ ಗಾಜು ಸಿಡಿಯುವ ಭಯ. ಸಂಪಿಗೆ ರಸ್ತೆ ದಾಟಿದ ಮೇಲೆ ಮೆಟ್ರೋಗೇ ಬೇಕಾದಷ್ಟು ಸುರಂಗವಿದೆ, ನಮ್ಮ ಬಾಟಲಿಗೆ ಬೇಡ ಅಂತ ಇವಳೇ ಸರಿಯಾದ ಬತ್ತಿ ಆರಿಸಿಕೊಂಡಳು.

ಅಮ್ಮನ ತಕರಾರು ಬೇರೆ. ದೀಪವನ್ನು ಬಾಯಿಂದ ಊದಿ ಆರಿಸಬಾರದು. ಮುಚ್ಚಳ ಹಾಕಿದರೆ ಗಾಳಿಯಿಲ್ಲದೆ ತಾನೇ ಶಾಂತವಾಗುತ್ತದೆ ಅಂತ ತೋರಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಇದೇ ಹುರುಪಿನಲ್ಲಿ, ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಬರೀ ಮೇಣದಬತ್ತಿಯ ಮೇಲೆ ಆರು ಉಪನ್ಯಾಸ ಕೊಟ್ಟಿದ್ದನ್ನು ಹೇಳಿದೆ. "ಪಾಪ, ಅವರ ಮನೇಲಿ ಯಾರೂ ಮಾತಿಗೆ ಸಿಗ್ತಿರಲಿಲ್ವೇನೋ," ಎಂದರು ಅಮ್ಮ.

ಹಿಂದೆ ಕೆಇಬಿಯವರು ಕರೆಂಟು ತೆಗೆದರೆ ಮೇಣದಬತ್ತಿ ಹಚ್ಚಿ, ಬೋರಲು ಹಾಕಿದ ಲೋಟದ ಮೇಲೆ ಎರಡು ಹನಿ ಬೀಳಿಸಿ ನಿಲ್ಲಿಸುತ್ತಿದ್ದೆವು. ಈಗ ಬೆಸ್ಕಾಂ, ಮೇಲೆ ಯುಪಿಎಸ್. ಮೊನ್ನೆ ಅದೂ ಕೈಕೊಟ್ಟು ಮನೆ ಕತ್ತಲಾದಾಗ ಷೋಕೇಸಿನತ್ತ ಕೈ ಚಾಚಿದೆ.

"ಅದನ್ನ ಮುಟ್ಟಬೇಡಿ! ಹಚ್ಚಿದರೆ ಖರ್ಚಾಗಿ ಹೋಗುತ್ತೆ. ಅಂಗಡಿಗೆ ಹೋಗಿ ಒಂದು ಮಾಮೂಲಿ ಮೇಣದಬತ್ತಿ ತನ್ನಿ."

ಹಚ್ಚದೆ ಉಳಿದವು ಉಡುಗೊರೆಯಾಗಿ ಬೀದಿಯುದ್ದಕ್ಕೂ ಹಂಚಿಹೋದವು. ಎದುರು ಮನೆಯ ಅಜ್ಜಿ ಮಾತ್ರ ಧೈರ್ಯವಾಗಿ ಹಚ್ಚಿ ಮುಗಿಸಿದರು. ಪಾತ್ರೆ ಬರಿದಾಗಿ ವಾಪಸ್ ಕೊಡುವ ರೂಢಿ ನಮ್ಮಲ್ಲಿಲ್ಲವಲ್ಲ, ಬಾಟಲಿ ತೊಳೆದು ತುಂಬ ಚಟ್ನಿಪುಡಿ ಹಾಕಿ ತಂದುಕೊಟ್ಟರು. "ಎಷ್ಟು ತಿಕ್ಕಿದರೂ ವಾಸನೆ ಹೋಗಲಿಲ್ಲ ಕಣಮ್ಮ," ಎಂದು ಮುಚ್ಚಳ ತೆಗೆದರು. ಒಣಮೆಣಸಿನಕಾಯಿ, ಇಂಗು, ಕರಿಬೇವು, ಹಿಂದಿನಿಂದ ಲ್ಯಾವೆಂಡರ್. ಇಡ್ಲಿಗೆ ಎಣ್ಣೆ ಹಾಕಿ ಕಲಸಿಕೊಂಡೆ. ಎರಡನೆಯ ಸಲವೂ ಹಾಕಿಸಿಕೊಂಡೆ.