ಬಾಡಿಗೆ ವರ್ಧನ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

ಬೆಂಗಳೂರಿನ ಮಾಲೀಕಪ್ರಜ್ಞೆಯು ಬಾಡಿಗೆದಾರನೆಂಬ ಪಠ್ಯದೊಡನೆ ಹನ್ನೊಂದು ತಿಂಗಳಿಗೊಮ್ಮೆ ನಡೆಸುವ ಮುಖಾಮುಖಿಯ ಸಂಕಥನವೇ ಬಾಡಿಗೆ ಏರಿಕೆ. ಹನ್ನೊಂದೇ ಏಕೆ? ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸಿದ್ದರಿಂದ ಪೂರ್ವಸೂರಿಗಳು ವರ್ಷವನ್ನೇ ಮೊಟಕುಗೊಳಿಸಿದರು.

ಏರಿಕೆಯನ್ನು ನಿರ್ಣಯಿಸುವ ಪ್ರಮಾಣಗಳು ನಾಲ್ಕು. ಬಾಡಿಗೆದಾರ ಹೊಸ ವಾಷಿಂಗ್ ಮಷೀನ್ ಇಳಿಸಿಕೊಳ್ಳುವುದನ್ನು ಮಹಡಿಯಿಂದ ಕಾಣುವುದು ಪ್ರತ್ಯಕ್ಷ. ಎಲ್ಲೆಲ್ಲಿ ಮೆಟ್ರೋ ಕಂಬವೋ ಅಲ್ಲಲ್ಲಿ ಎರಡು ಸಾವಿರ ಹೆಚ್ಚು ಎಂಬುದು ಅನುಮಾನ. ರೈಲು ಓಡಲೇಬೇಕೆಂಬ ನಿಯಮವಿಲ್ಲ. ‘ಹಿಂದಿನ ಬೀದೀಲಿ ಇಪ್ಪತ್ತೆಂಟು ಕೊಡ್ತಾರಂತೆ’ ಎಂಬುದು ಉಪಮಾನ.

ನಾಲ್ಕನೆಯದು ಹಾಗಿರಲಿ. ಇವೆಲ್ಲ ಬರೀ ನೆಪ. ಅಸಲು ಆಧಾರ, ಬಾಡಿಗೆದಾರ ಬಿಟ್ಟು ಹೋಗಲಾರನೆಂಬುದು. ಅವನ ಮಗಳು ಪಕ್ಕದ ರಸ್ತೆಯ ಶಾಲೆಯಲ್ಲಿದ್ದಾಳೆ, ನಡುವೆ ಬಿಡಿಸುವಂತಿಲ್ಲ. ಮನೆ ಬದಲಿಸಿದರೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಹಳೆಯ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಖರ್ಚೆಂದು ಇನ್ನೊಂದು ತಿಂಗಳದ್ದು ಖೋತಾ, ಸಾಮಾನಿನ ಲಾರಿ ಬೇರೆ. ಈ ಮೊತ್ತಕ್ಕಿಂತ ಒಂದು ರೂಪಾಯಿ ಕಡಿಮೆ ಏರಿಸುವುದೇ ಶಾಸ್ತ್ರ. ಹತ್ತೇ ಪರ್ಸೆಂಟಿನಂತೆ ಏರಿಸಿದರೂ 15,000ದ ಮನೆ ಐದೇ ಏರಿಕೆಗೆ 24,157 ಆಗುತ್ತದೆ. ಬಚ್ಚಲ ಗೋಡೆಯ ತೇವವೂ ಅಷ್ಟರಲ್ಲಿ ಚಕ್ರಬಡ್ಡಿಯಲ್ಲೇ ಬೆಳೆದಿರುತ್ತದೆ.

ಕಾನೂನಿಲ್ಲವೆ ಎನ್ನಬೇಡಿ, ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಆ ದುಡ್ಡಿಗೆ ಇವತ್ತು ಪಿಜಿಯಲ್ಲಿ ಒಂದು ಮಂಚ ಸಿಕ್ಕರೆ ಪುಣ್ಯ.

ಬಾಡಿಗೆಯಲ್ಲೇ ಔಷಧಿ ತರಿಸಿಕೊಳ್ಳುವ ಒಂಟಿ ಅಜ್ಜಿಯರೂ ಈ ಊರಲ್ಲಿದ್ದಾರೆ. ‘ಒಂದೈನೂರು ಜಾಸ್ತಿ ಮಾಡ್ಕೊಡಪ್ಪ’ ಎನ್ನುತ್ತಾರೆ, ಕೇಳುವುದಕ್ಕೂ ಸಂಕೋಚ. ಅವರ ಮೇಲೆ ನನಗೆ ತಕರಾರಿಲ್ಲ. ಮೂರು ಮಹಡಿ ಎಬ್ಬಿಸಿ, ಕಾಫಿ ಕೊಟ್ಟು, ‘ನೀವು ನಮ್ಮನೆಯವರ ಥರಾನೇ’ ಎಂದ ಉಸಿರಲ್ಲೇ ಹತ್ತು ಪರ್ಸೆಂಟ್ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ನಾಲ್ಕನೆಯದಾದ ಶಬ್ದಪ್ರಮಾಣ ಆ ‘ನಮ್ಮನೆಯವರು’ ಎಂಬ ಮಾತೇ. ಸ್ವಾಮಿ, ಮನೆಯವರಿಗೆ ಯಾರಾದರೂ ನೀರಿನ ಟ್ಯಾಂಕರ್ ದುಡ್ಡನ್ನು ತಲೆಗಿಷ್ಟೆಂದು ಹಂಚುತ್ತಾರೆಯೆ? ಊರಿಂದ ಬಂದ ನಮ್ಮತ್ತೆ ಎರಡು ದಿನ ಹೆಚ್ಚಿಗೆ ಉಳಿದರೆ, ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, ‘ಅವರು ಯಾವಾಗ ಹೊರಡೋದು?’ ಅಂತ ಕೇಳುತ್ತಾರೆಯೆ?