ಶೈಕ್ಷಣಿಕ ಜಿಲ್ಲೆಯ ಜಗದ್ಗುರು

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೇ ಒಂದು ಜಿಲ್ಲೆ. ಶಿರಾ, ಕೊರಟಗೆರೆ, ಪಾವಗಡ ಅದರ ಕೈಕೆಳಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ದೂರದ ಊರಿನವರು ‘ಇದ್ಯಾವುದಪ್ಪ ಮಧುಗಿರಿ ಜಿಲ್ಲೆ’ ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ. ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗಿ, ನಾಲ್ಕೂ ಕಡೆಯ ಮಕ್ಕಳ ಕಿವಿ ಹಿಂಡಿ, ಕೊನೆಗೆ ಮಧುಗಿರಿಯಲ್ಲಿ ಮನೆ ಕಟ್ಟಿಕೊಂಡು ನಿವೃತ್ತರಾದ ಮೇಷ್ಟ್ರೊಬ್ಬರು ನಿಮಗೂ ಗೊತ್ತಿರುತ್ತಾರೆ. ಹೆಸರು ಹೇಳಿದರೆ ಒಬ್ಬರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಪಿಂಚಣಿ ತಗೊಳ್ಳುವವರಿಗೆಲ್ಲ ಬರುತ್ತದೆ. ಆದರೂ ಹೇಳದಿರುವುದೇ ವಾಸಿ.

ಮೇಷ್ಟ್ರಿಗೆ ಅಭಿಪ್ರಾಯವಿಲ್ಲದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಪಾವಗಡದಲ್ಲಿದ್ದಾಗ ತೆಲುಗಿನಲ್ಲಿ ಬೈಯುವುದನ್ನು ಕಲಿತರು. ತಿರುಮಣಿಯ 2,050 ಮೆಗಾವಾಟ್ ಸೋಲಾರ್ ಪಾರ್ಕು ಬಂದದ್ದು ಕೂಡ, ತಾವು ಅಲ್ಲಿ ಬಸ್ಸಿಗೆ ಕಾಯುತ್ತ ‘ಈ ಬಿಸಿಲಿಗೆ ಏನಾದ್ರೂ ಒಂದು ಮಾಡ್ಬೇಕು’ ಅಂದಿದ್ದರಿಂದಲೇ ಎಂದು ನಂಬಿದ್ದಾರೆ.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬೈಟು ಕಾಫಿ ಹೇಳಿ ಅಲ್ಲಿನ ಪೇಪರ್ ಎತ್ತಿಕೊಳ್ಳುತ್ತಾರೆ. ‘ಈಗಿನ ಪೇಪರಲ್ಲಿ ಓದೋಕೆ ಏನಿದೆ?’ ಎನ್ನುತ್ತಲೇ ಟೆಂಡರ್ ಪ್ರಕಟಣೆಯವರೆಗೂ ಓದಿ ಮುಗಿಸುತ್ತಾರೆ. ಸುದ್ದಿ ಎಂದರೆ ಆಕಾಶವಾಣಿಯ ಪ್ರದೇಶ ಸಮಾಚಾರ, ಟೀವಿಯವರದ್ದು ಬರೀ ಕಿರುಚಾಟ. ಹಾಗೆನ್ನುವವರ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಹಾಕಿದ ಟೀವಿ ದಂಡಿನ ಮಾರಮ್ಮನಿಗೂ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಬರುವುದೆಲ್ಲ ಸುಳ್ಳು, ಅವರು ಕಳಿಸುವುದೊಂದನ್ನು ಬಿಟ್ಟು.

ಮಕ್ಕಳ ವಿಷಯ ಬಂದರಂತೂ ಕಾಫಿ ಆರಿದರೂ ಪರವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಗುವಿಗೆ ಹೊಡೆಯುವುದಿರಲಿ, ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ನಾಡು ಹಾಳಾಗಲು ಶುರುವಾದದ್ದು ಅಲ್ಲಿಂದ. ಮೇಷ್ಟ್ರು ಹುಣಸೆ ಬರಲಿನಲ್ಲಿ ಏಟು ತಿಂದೇ ಮನುಷ್ಯರಾದವರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಅದೇ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ, ಒಂದು ಮರಿಯೂ ಏಟು ತಿನ್ನದೆ ಹಾರುವುದು ಕಲಿಯುತ್ತದಲ್ಲ ಎಂದು ನಾನೊಮ್ಮೆ ಕೆಣಕಿದೆ. ‘ಅದಕ್ಕೇ ಅವು ಎಸ್ಸೆಸ್ಸೆಲ್ಸಿ ಪಾಸಾಗಲ್ಲ’ ಎಂದರು.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾ ಕಣ್ಣು ತೆರೆದಿದ್ದೇ ತಡ, ರಾಜ್ಯದ ಫಲಿತಾಂಶ ನೆಲ ಕಚ್ಚಿ, ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಬೇಕಾಯಿತು. ‘ನಮ್ಮ ಕಾಲದಲ್ಲಿ ಕ್ಯಾಮೆರಾ ಗೀಮೆರಾ ಏನೂ ಇರಲಿಲ್ಲ, ಆದ್ರೂ ರಿಸಲ್ಟ್ ಬರ್ತಿತ್ತಲ್ಲ!’ ಎಂದರು ಮೇಷ್ಟ್ರು. ‘ಇರಲಿಲ್ಲ ಅಂತಲೇ ಬರ್ತಿತ್ತು ಸಾ’ ಎಂದ ಸಪ್ಲೈಯರ್. ಅವನೂ ಅವರ ಶಿಷ್ಯನೇ.

ಹೆಣ್ಣು ಹೇಗಿರಬೇಕು ಎಂಬ ಬಗ್ಗೆ ಮೇಷ್ಟ್ರ ನಿಲುವು ಬೆಟ್ಟದಷ್ಟು ಗಟ್ಟಿ: ಹೊಸಿಲು ದಾಟಬಾರದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಬಸ್ಸು ಬಿಟ್ಟಿಯಾದ ಮೇಲೆ ಅವರ ಹೆಂಡತಿ ಹೊಸಿಲು ದಾಟಿದ್ದು ಮಾತ್ರವಲ್ಲ, ತಾಲ್ಲೂಕೇ ದಾಟಿದರು. ಸಿದ್ದರಬೆಟ್ಟ ಆಯಿತು, ಸೀಬಿ ನರಸಿಂಹ ಆಯಿತು, ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನೂ ಆಯಿತು. ಗೊರವನಹಳ್ಳಿಗೆ ಹೊರಟ ದಿನ ಮೇಷ್ಟ್ರು ಅಡ್ಡ ನಿಂತು ಸೀತೆಯ ಉದಾಹರಣೆ ಕೊಟ್ಟರಂತೆ. ‘ರೀ, ಸೀತಮ್ಮ ಗಂಡನ ಜೊತೆ ಕಾಡಿಗೇ ಹೋದೋಳು. ನೀವು ಕೊರಟಗೆರೆಗೂ ಕರ್ಕೊಂಡು ಹೋಗಲ್ಲ. ಗೊರವನಹಳ್ಳಿ ಲಕ್ಷ್ಮಿ ಗುಡಿ ಬೆಳೆಸಿದ್ದು ಕಮಲಮ್ಮನೋರು. ಅವರೂ ಹೊಸಿಲೊಳಗೇ ಕೂತಿದ್ರೆ ನೀವು ಯಾವ ಪ್ರಸಾದ ತಿಂತಿದ್ರಿ?’ ಎಂದು ಆಧಾರ್ ಕಾರ್ಡ್ ತೆಗೆದುಕೊಂಡು ಆಕೆ ಹೊರಟೇಬಿಟ್ಟರು. ಅವತ್ತು ಮೇಷ್ಟ್ರು ತಾವೇ ಅನ್ನಕ್ಕಿಟ್ಟುಕೊಂಡರು. ಗಂಡಸು ಅಡುಗೆ ಕಲಿಯಬೇಕು ಎಂಬುದು ಮರುದಿನದಿಂದ ಅವರ ಅಭಿಪ್ರಾಯ. ಮೊದಲಿನಿಂದಲೂ ಅದೇ ಆಗಿತ್ತಂತೆ.

ಕ್ರೈಸ್ತ ಧರ್ಮಶಾಸ್ತ್ರಕ್ಕೆ ಅವರು ಕೈ ಹಾಕಿದ್ದು 2025ರಲ್ಲಿ. ಪೋಪ್ ಫ್ರಾನ್ಸಿಸ್ ತೀರಿಕೊಂಡು, ಮೇ 8ಕ್ಕೆ ವ್ಯಾಟಿಕನ್ನಿನ ಚಿಮಣಿಯಲ್ಲಿ ಬಿಳಿ ಹೊಗೆ ಎದ್ದು, ಹದಿನಾಲ್ಕನೆಯ ಲಿಯೋ ಆಯ್ಕೆಯಾದರಲ್ಲ, ಆಗ. 133 ಕಾರ್ಡಿನಲ್‌ಗಳನ್ನು ಒಳಗೆ ಕೂಡಿ ಬಾಗಿಲು ಹಾಕುವ ಪದ್ಧತಿ ಮೇಷ್ಟ್ರಿಗೆ ಬಹಳ ಹಿಡಿಸಿತು. ಶಿಕ್ಷಕರ ಸಂಘದ ಚುನಾವಣೆಗೂ ಇದನ್ನೇ ತರಬೇಕೆಂದರು. ಹಿಡಿಸದೆ ಹೋದದ್ದು ಒಂದೇ: ‘ಪೋಪ್ ಹೇಳಿದ್ದು ತಪ್ಪಾಗೋದೇ ಇಲ್ಲವಂತೆ. ಮನುಷ್ಯ ಅಂದಮೇಲೆ ಅಷ್ಟು ಜಂಬ ಇರಬಾರದು ಕಣಯ್ಯ.’

ಪಕ್ಕದ ಮೇಜಿನಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗನೊಬ್ಬನಿದ್ದ, ಬ್ಯಾಂಕಿಗೆ ವರ್ಗವಾಗಿ ಬಂದವನು. ಪಾಪ, ಅವನು ವಿವರಿಸಿದ. ಅದು 1870ರ ವ್ಯಾಟಿಕನ್ ಸಭೆಯ ನಿರ್ಣಯ. ಪೋಪ್ ಪೇತ್ರನ ಪೀಠದಿಂದ, ಇಡೀ ಧರ್ಮಸಭೆಗೆ ಅನ್ವಯಿಸುವಂತೆ, ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ ವಿಧಿವತ್ತಾಗಿ ಘೋಷಿಸಿದರೆ ಮಾತ್ರ ಆ ಮಾತು ತಪ್ಪಾಗದು. ಅಲ್ಲಿಂದೀಚೆಗೆ ಆ ಅಧಿಕಾರ ಹಾಗೆ ಬಳಕೆಯಾದದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯಮ್ಮ ದೇಹಾತ್ಮ ಸಹಿತ ಸ್ವರ್ಗಕ್ಕೇರಿದಳೆಂದು ಹನ್ನೆರಡನೆಯ ಪಿಯುಸ್ ಸಾರಿದಾಗ. ಮಳೆ, ಕ್ರಿಕೆಟ್ ಬಗ್ಗೆ ಪೋಪ್ ಹೇಳಿದ್ದು ಧಾರಾಳವಾಗಿ ತಪ್ಪಾಗಬಹುದು.

‘ನೂರೈವತ್ತು ವರ್ಷಕ್ಕೆ ಒಂದೇ ಸಲನಾ?’ ಮೇಷ್ಟ್ರಿಗೆ ನಿಜವಾಗಿ ಮರುಕವಾಯಿತು. ಅವರದು ಕಾಫಿ ಮುಗಿಯುವುದರೊಳಗೆ ಐದಾರು ಆಗಿರುತ್ತದೆ. ಅದೂ ಯಾವ ಪೀಠವೂ ಇಲ್ಲದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ.

ಹುಡುಗ ಹುರುಪಿನಲ್ಲಿ ಸತ್ತ ಮೇಲಿನ ಶುದ್ಧೀಕರಣದ ಮಾತೂ ತೆಗೆದ. ‘ಗೊತ್ತಾಯ್ತು ಬಿಡು, ಸಪ್ಲಿಮೆಂಟರಿ ಪರೀಕ್ಷೆ’ ಎಂದರು ಮೇಷ್ಟ್ರು. ‘ಅಲ್ಲ ಸಾರ್, ಅಲ್ಲಿರೋರೆಲ್ಲ ಆಗಲೇ ಪಾಸಾದೋರು. ಸ್ವರ್ಗ ಖಾತ್ರಿ. ದೇವರ ಕೃಪೆಯಿಂದ.’ ‘ಹಂಗಾದ್ರೆ ಕೃಪಾಂಕ ಅನ್ನು!’ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಸಂಪೂರ್ಣ ತಪ್ಪು ಎನ್ನಲಾಗದೆ ಸುಮ್ಮನಾದ. ವ್ಯಾಟಿಕನ್ನಿಗೆ ತಾವು ಪಾಠ ಹೇಳಿದ ಈ ಪ್ರಸಂಗ ಈಗ ಶಿರಾದವರೆಗೂ ಮುಟ್ಟಿದೆ, ಮುಟ್ಟಿಸಿದವರು ಮೇಷ್ಟ್ರೇ.

ಏಕಶಿಲೆಯ ಬೆಟ್ಟ ಹತ್ತಲು ಮಧುಗಿರಿಗೆ ಬರುವವರಲ್ಲಿ ಒಂದು ಮನವಿ. ಮೇಷ್ಟ್ರು ಸಿಕ್ಕರೆ ದಾರಿ ಕೇಳಿ, ಕರಾರುವಾಕ್ಕಾಗಿ ಹೇಳುತ್ತಾರೆ. ನೀರಿನ ಬಾಟಲಿ ಎಲ್ಲಿ ಅಗ್ಗ ಎಂಬುದನ್ನೂ ತಿಳಿಸುತ್ತಾರೆ. ‘ತಾವೇನಂತೀರಿ ಸಾರ್?’ ಎಂದು ಮಾತ್ರ ಕೇಳಬೇಡಿ. ಬಿಸಿಲೇರಿದ ಮೇಲೆ ಆ ಬಂಡೆ ಹತ್ತುವುದು ಕಷ್ಟ.