ಪಡಸಾಲೆ ಜಂಕ್ಷನ್

ನಮ್ಮ ಮೋರಟಗಿಗೆ ರೈಲಿಲ್ಲ. ಸಿಳ್ಳೆ ಕೇಳಬೇಕೆಂದರೆ ವಿಜಯಪುರಕ್ಕೋ ಇಂಡಿ ರೋಡಿಗೋ ಕಲಬುರಗಿಗೋ ಹೋಗಬೇಕು. ಅದಕ್ಕೇ ಒಂದು ಪುಟ್ಟ ರೈಲನ್ನು ನಾನೇ ಪಡಸಾಲೆಗೆ ತರಿಸಿದೆ. ಎಚ್‌ಓ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ದೇಶದ ಬ್ರಾಡ್‌ಗೇಜ್ 1676 ಮಿ.ಮೀ., ನನ್ನದು 16.5. ಅಷ್ಟಕ್ಕೂ ಮನೆಯಲ್ಲಿ ಭೂಸ್ವಾಧೀನದ ತಕರಾರು ಮುಗಿದಿಲ್ಲ.

ಓಡುವುದು 12 ವೋಲ್ಟ್ ಮೇಲೆ. ಕರೆಂಟು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಏರಬೇಕು. ನಡುವೆ ಕೂತಿರುವುದು ನಮ್ಮ ಎರಿಮಣ್ಣಿನ ಧೂಳು! ಜೋಳದ ರಾಶಿಯ ಕಾಲದಲ್ಲಂತೂ ಕೇಳಬೇಡಿ. ಎಂಜಿನ್ ಎರಡು ಗೇಣು ಹೋಗಿ, ಸಿಟ್ಟಾದ ಹೊಸ ಅಳಿಯನ ಹಾಗೆ ನಿಂತುಬಿಡುತ್ತದೆ. ಆಗ ಹಳೇ ಬನಿಯನ್ ತುಂಡಿಗೆ ಸ್ಪಿರಿಟ್ ಹಚ್ಚಿ ಹಳಿ ತಿಕ್ಕು, ಸಾಸಿವೆಯಷ್ಟಿರುವ ಸ್ಕ್ರೂ ಬಿಚ್ಚು, ಅದು ಜಾರಿತೆಂದು ಮಂಡಿಯೂರಿ ನೆಲ ತಡಕು.

ಗುಡ್ಡ ಮಾಡಿದ್ದು ಹಳೇ ಪೇಪರು, ಮೈದಾ ಅಂಟಿನಿಂದ. ಇಲಿಯೊಂದು ರಾತ್ರೋರಾತ್ರಿ ಎರಡನೇ ಸುರಂಗ ಕೊರೆಯಿತು. ಟೆಂಡರೇ ಇಲ್ಲದೆ!

ಮೊನ್ನೆ ಮನೆಯಾಕೆ ಬಾಗಿಲಲ್ಲಿ ನಿಂತಳು. "ಏನ್ರೀ, ಮುಂಜಾನಿಂದ ಹಳಿ ತಿಕ್ಕಾಕತ್ತೀರಿ. ರೊಟ್ಟಿ ಹಂಚು ಒಮ್ಮೆರ ತಿಕ್ಕೀರೇನು?"

ಸಿಗ್ನಲ್ ಕೆಂಪಿತ್ತು. ಗಾಡಿ ನಿಲ್ಲಿಸಿ, ಹಂಚು ಎಲ್ಲಿದೆ ಎಂದು ಕೇಳಿದೆ.